ಬಿಇ ಅಂತ ಬರೆದರೆ ಕರೆಯುವುದಿಲ್ಲ

ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸಕ್ಕೆ ಬರ ಇಲ್ಲ. ಟಿಳಕವಾಡಿಯ ಮೂರನೇ ರೈಲ್ವೆ ಗೇಟ್ ದಾಟಿ ಖಾನಾಪುರ ರಸ್ತೆ ಹಿಡಿದರೆ ಸಾಲು ಸಾಲು ಫೌಂಡ್ರಿ, ಮಷಿನ್ ಶಾಪ್, ಹೈಡ್ರಾಲಿಕ್ ಪಂಪು-ವಾಲ್ವು ಮಾಡುವ ಕಾರ್ಖಾನೆಗಳು. ಎಷ್ಟೋ ಗೇಟುಗಳ ಮೇಲೆ ಕನ್ನಡದಲ್ಲೋ ಮರಾಠಿಯಲ್ಲೋ ಒಂದು ಹಾಳೆ ಅಂಟಿಸಿರುತ್ತಾರೆ. ಟರ್ನರ್ ಬೇಕು, ಫಿಟ್ಟರ್ ಬೇಕು, ಸಿಎನ್‌ಸಿ ಆಪರೇಟರ್ ಬೇಕು, ಲೈನ್ ಇನ್‌ಸ್ಪೆಕ್ಟರ್ ಬೇಕು. ಕೆಳಗೆ ಅರ್ಹತೆ: ಐಟಿಐ ಅಥವಾ ಡಿಪ್ಲೊಮಾ. ನಾನು 2023ರಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿದೆ. ನನಗೆ ಬೇಕಾಗಿದ್ದು ಆ ಲೈನ್ ಇನ್‌ಸ್ಪೆಕ್ಟರ್ ಕೆಲಸ. ಅದು ಸಿಗುವಷ್ಟರಲ್ಲಿ ಹೆಚ್ಚೂ ಕಡಿಮೆ ಒಂದು ವರ್ಷ ಹೋಯಿತು. ನನ್ನ ಜೊತೆ ಓದಿದ ಹಲವರು ಇನ್ನೂ ಅದೇ ಗೇಟುಗಳ ಮುಂದೆ ನಿಲ್ಲುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲೈನ್ ಇನ್‌ಸ್ಪೆಕ್ಟರ್ ಅಂದರೆ ಮಷಿನ್‌ನಿಂದ ಇಳಿದ ಭಾಗವನ್ನು ಅಳೆದು, ಡ್ರಾಯಿಂಗ್‌ನಲ್ಲಿ ಇದ್ದ ಹಾಗೆ ಇದೆಯೋ ಇಲ್ಲವೋ ಅಂತ ಹೇಳುವವರು. ಸರಿ ಇದ್ದರೆ ಮುಂದಕ್ಕೆ, ಇಲ್ಲದಿದ್ದರೆ ಕೆಂಪು ಟ್ರೇಗೆ. ಕೇಳಲು ಸಣ್ಣ ಕೆಲಸ. ನನಗೆ ಅದು ಕಾಲೇಜಿನಲ್ಲೇ ಇಷ್ಟವಾಗಿತ್ತು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿ ಅದರಲ್ಲಿ ಐದು ಭಾಗ ಜಾಸ್ತಿ ಆಯಿತು ಅಂತ ಹೇಳುವುದು ನನಗೆ ಬಹಳ ದೊಡ್ಡ ವಿಷಯ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ಕ್ಯಾಂಪಸ್‌ಗೆ ಬಂದಿದ್ದು ಹೆಚ್ಚಾಗಿ ಸಾಫ್ಟ್‌ವೇರ್ ಕಂಪನಿಗಳು. ಆ ವರ್ಷ ಆಫರ್ ಸಿಕ್ಕವರಿಗೂ ಸೇರುವ ದಿನಾಂಕ ಮುಂದೆ ಹೋಗುತ್ತಲೇ ಇತ್ತು. ಊರು ಬೈಲಹೊಂಗಲದ ಹತ್ತಿರ. ಅಪ್ಪನಿಗೆ ಸಕ್ಕರೆ ಕಾಯಿಲೆ, ಮನೆ ಬಿಟ್ಟು ಬಹಳ ದೂರ ಹೋಗುವ ಹಾಗಿರಲಿಲ್ಲ. ಬೆಳಗಾವಿಯಲ್ಲೇ ನಾನು ಓದಿದ್ದಕ್ಕೆ ಸರಿಯಾದ ಕಾರ್ಖಾನೆಗಳು ಇದ್ದಾಗ ಬೆಂಗಳೂರಿಗೆ ಯಾಕೆ ಓಡಬೇಕು ಅನ್ನುವುದು ನನ್ನ ಲೆಕ್ಕ.

ಮೊದಲು ಮೊಬೈಲಿನಲ್ಲಿ ಅರ್ಜಿ ಹಾಕಿದೆ. ಉತ್ತರವೇ ಬರಲಿಲ್ಲ. ಆಮೇಲೆ ನೇರವಾಗಿ ಗೇಟಿಗೆ ಹೋಗಲು ಶುರು ಮಾಡಿದೆ. ಇದಕ್ಕೆ ಶಕ್ತಿ ಯೋಜನೆ ನನಗೆ ನಿಜವಾಗಿ ಸಹಾಯ ಮಾಡಿತು. 2023ರ ಜೂನ್ 11ಕ್ಕೆ ಅದು ಶುರುವಾಗಿತ್ತು. ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಂಡು ಬೈಲಹೊಂಗಲದಿಂದ ಬೆಳಗಾವಿಗೆ, ಅಲ್ಲಿಂದ ಸಿಟಿ ಬಸ್ಸಿನಲ್ಲಿ ಉದ್ಯಮಬಾಗಕ್ಕೆ. ಸುಮ್ನೆ ಕೇಳಿ ಬರಲು ಹೋಗಿಬರುವ ಖರ್ಚನ್ನು ಮನೆಯಲ್ಲಿ ಕೇಳುವುದು ಎಷ್ಟು ಕಷ್ಟ ಅಂತ ಕೆಲಸ ಹುಡುಕಿದ ಹೆಣ್ಣುಮಕ್ಕಳಿಗೆ ಗೊತ್ತು. ಹಾಗೆ ಕೇಳುವ ಕಷ್ಟ ನನಗೆ ತಪ್ಪಿತು.

ಒಂದು ಸಣ್ಣ ಕಾರ್ಖಾನೆಯಲ್ಲಿ ಆದದ್ದನ್ನು ಪೂರ್ತಿ ಹೇಳುತ್ತೇನೆ, ಯಾಕೆಂದರೆ ಉಳಿದ ಕಡೆಯೂ ಇದೇ ಮಾತು ಬೇರೆ ಬೇರೆ ರೂಪದಲ್ಲಿ ಬಂತು. ಆಫೀಸಿನಲ್ಲಿ ಕೂತಿದ್ದ ಹಿರಿಯರು ಬಯೋಡೇಟಾ ನೋಡಿದರು. ಮೇಲಿಂದ ಕೆಳಗೆ ಬೆರಳು ಓಡಿತು, 'ಬಿಇ' ಅನ್ನುವಲ್ಲಿ ನಿಂತಿತು.

"ಬಿಇ ಆಗೇತಿ ಅಂತೀ. ಮತ್ತ ಇನ್‌ಸ್ಪೆಕ್ಟರ್ ಕೆಲಸಕ್ಕ ಯಾಕ ಬಂದೀವಾ?"

"ಈ ಕೆಲಸ ಮಾಡೂದೈತ್ರಿ."

"ಇದು ಐಟಿಐ ಹುಡುಗರ ಕೆಲಸ. ದಿನಾ ಎಂಟು ತಾಸು ನಿಂತಕೊಂಡು ಮಾಡಬೇಕು. ಪಗಾರ 12,000. ನೀ ಆರು ತಿಂಗಳಿಗೆ ಬೆಂಗಳೂರಿಗೆ ಹೋಗ್ತಿ. ಹೋಗದಿದ್ರ ಮದುವಿ ಮಾಡ್ತಾರ, ಆಗ ಹೋಗ್ತಿ."

ಅವರು ಗದರಲಿಲ್ಲ. ಮಗಳಿಗೆ ಹೇಳುವ ಹಾಗೆ ಹೇಳಿದರು. ಚಹಾ ಕೂಡ ಕೊಟ್ಟರು. ಆದರೆ ನನಗೆ ಅಳೆಯಲು ಬರುತ್ತದಾ ಅಂತ ಅವರು ಕೇಳಲೇ ಇಲ್ಲ. ಆ ದಿನ ನನಗೆ ಸಿಟ್ಟು ಬಂದಿದ್ದು ಅದಕ್ಕೆ. ಬರುವುದಿಲ್ಲ ಅಂತ ಕಳಿಸಿದ್ದರೆ ಕಲಿತು ಬರುತ್ತಿದ್ದೆ. ಜಾಸ್ತಿ ಓದಿದ್ದೀಯಾ ಅಂತ ಕಳಿಸಿದರೆ ಏನು ಮಾಡುವುದು? ಓದಿದ್ದನ್ನು ವಾಪಸ್ ಕೊಡಲು ಆಗುತ್ತದಾ?

ಎಂಜಿನಿಯರ್ ಹುದ್ದೆಗೆ ಹೋದರೆ ಇನ್ನೊಂದು ಬಾಗಿಲು ಮುಚ್ಚಿತ್ತು. ಅಲ್ಲಿ ಎರಡು ಮೂರು ವರ್ಷದ ಅನುಭವ ಬೇಕು. ಅನುಭವ ಬೇಕಾದರೆ ಕೆಳಗಿನ ಕೆಲಸಕ್ಕೆ ಸೇರಬೇಕು. ಕೆಳಗಿನ ಕೆಲಸಕ್ಕೆ ಡಿಗ್ರಿ ಜಾಸ್ತಿ. ನಡುವೆ ನಿಲ್ಲಲು ಜಾಗ ಇಲ್ಲ.

ಗೇಟಿನ ಹತ್ತಿರ ಕಾಯುವಾಗ ಗೋಕಾಕ ಕಡೆಯ ಒಬ್ಬ ಐಟಿಐ ಹುಡುಗ ಸಿಕ್ಕಿದ್ದ. ಫಿಟ್ಟರ್ ಟ್ರೇಡ್. ನಾನು ಬಿಇ ಅಂತ ಗೊತ್ತಾದ ಮೇಲೆ ನೇರವಾಗಿ ಕೇಳಿದ: "ಅಕ್ಕಾರ, ನೀವು ಬಿಇದವ್ರು ನಮ್ಮ ಕೆಲಸಕ್ಕ ಬಂದ್ರ ನಾವ್ ಎಲ್ಲಿಗೆ ಹೋಗೂನ್ರಿ?" ನಾನು ಏನೂ ಹೇಳಲಿಲ್ಲ. ಅವನು ಕೇಳಿದ್ದರಲ್ಲಿ ನ್ಯಾಯ ಇತ್ತು. ಅವನಿಗೆ ಎರಡು ವರ್ಷದ ಟ್ರೇಡ್ ತರಬೇತಿ, ಅದೂ ಇದೇ ಕೆಲಸಕ್ಕೆ ಅಂತಲೇ. ನಾನು ಮೇಲಿಂದ ಬಂದು ಅವನ ಸಾಲಿನಲ್ಲಿ ನಿಂತಿದ್ದೆ. ಈ ಮಾತನ್ನು ಬಿಇ ಮುಗಿಸಿದವರು ಕೇಳಿಸಿಕೊಳ್ಳಬೇಕು ಅಂತ ನನಗೆ ಅನ್ನಿಸುತ್ತದೆ. ನಮಗೆ ಕೆಲಸ ಕೊಡಿ ಅಂತ ಕೇಳುವಾಗ ಪಕ್ಕದಲ್ಲಿ ಒಬ್ಬರು ನಿಂತಿರುತ್ತಾರೆ.

ಆಗ ಎಲ್ಲರೂ ಕೊಟ್ಟ ಸಲಹೆ ಒಂದೇ. ಬಯೋಡೇಟಾದಿಂದ ಬಿಇ ತೆಗೆದುಬಿಡು. ಪಿಯುಸಿ ತನಕ ಬರೆ ಸಾಕು. ಗೆಳತಿಯರು ಹೇಳಿದರು, ಪಿಜಿಯ ಅಕ್ಕ ಹೇಳಿದರು, ಜೆರಾಕ್ಸ್ ಅಂಗಡಿಯವರೂ ಹೇಳಿದರು. ನಾನು ಒಪ್ಪಲಿಲ್ಲ. ಪಿಯುಸಿ 2019ರಲ್ಲಿ ಮುಗಿದಿದೆ. ಆಮೇಲೆ ನಾಲ್ಕು ವರ್ಷ ಏನು ಮಾಡಿದೆ ಅಂತ ಕೇಳಿದರೆ ಇನ್ನೊಂದು ಸುಳ್ಳು ಕಟ್ಟಬೇಕು. ಕೆಲಸ ಸಿಕ್ಕ ಮೇಲೆ ದಿನವೂ ಅದನ್ನು ಕಾಯಬೇಕು. ಮೇಲಾಗಿ ಅಪ್ಪ ಕಬ್ಬಿನ ಬಿಲ್ ಬಂದಾಗಲೆಲ್ಲ ಮೊದಲು ನನ್ನ ಫೀ ಎತ್ತಿಟ್ಟು ಆಮೇಲೆ ಉಳಿದ ಸಾಲಕ್ಕೆ ಕೊಡುತ್ತಿದ್ದರು. ಅದನ್ನು ನನ್ನ ಕೈಯಿಂದ ಅಳಿಸಲು ನನಗೆ ಮನಸ್ಸಾಗಲಿಲ್ಲ.

ನಮ್ಮ ಸಂಬಂಧಿಕರೊಬ್ಬರು ಬೈಲಹೊಂಗಲದಲ್ಲಿ ವಕೀಲರು. ಅವರು ಹೇಳಿದ ಎರಡು ತೀರ್ಪುಗಳು ಎಲ್ಲರಿಗೂ ಗೊತ್ತಿರಬೇಕು. ಒಡಿಶಾದಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕ್ ಜವಾನ ಹುದ್ದೆಗೆ ಅರ್ಜಿ ಕರೆದಿತ್ತು. ಹನ್ನೆರಡನೇ ತರಗತಿ ಪಾಸಾಗಿರಬೇಕು, ಪದವೀಧರ ಆಗಿರಬಾರದು ಅಂತ ಜಾಹೀರಾತಿನಲ್ಲೇ ಇತ್ತು. ಒಬ್ಬರು ತಮ್ಮ ಪದವಿ ಮುಚ್ಚಿಟ್ಟು ಅರ್ಜಿ ಹಾಕಿ ಆಯ್ಕೆಯಾದರು. ಆಮೇಲೆ ಗೊತ್ತಾಗಿ ಬ್ಯಾಂಕ್ ಅವರನ್ನು ತೆಗೆಯಿತು. ಹೈಕೋರ್ಟ್ ಅವರ ಪರ ಇತ್ತು. ಸುಪ್ರೀಂ ಕೋರ್ಟ್ 2020ರ ನವೆಂಬರ್ 3ರಂದು ಬ್ಯಾಂಕ್ ಮಾಡಿದ್ದೇ ಸರಿ ಅಂದಿತು. ವಿಷಯ ಮುಚ್ಚಿಟ್ಟವರು ಹಕ್ಕು ಕೇಳುವ ಹಾಗಿಲ್ಲ ಅನ್ನುವುದು ಅದರ ಸಾರ. ಇನ್ನೊಂದು 2000ದ ತೀರ್ಪು. ನಾಗಪುರದ ಜಿಲ್ಲಾ ನ್ಯಾಯಾಲಯದ ಜವಾನ ಹುದ್ದೆಗೆ ನಾಲ್ಕನೇ ತರಗತಿ ಸಾಕಿತ್ತು. ಏಳನೇ ತರಗತಿಗಿಂತ ಜಾಸ್ತಿ ಓದಿದವರನ್ನು ಸಂದರ್ಶನಕ್ಕೇ ಕರೆಯಲಿಲ್ಲ. ಜಾಸ್ತಿ ಓದಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಹೊರಗಿಡುವುದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತು. ನಾನು ಹೋಗುತ್ತಿದ್ದುದು ಖಾಸಗಿ ಕಾರ್ಖಾನೆಗೆ, ಈ ತೀರ್ಪುಗಳನ್ನು ಅಲ್ಲಿ ಹಿಡಿದುಕೊಂಡು ಹೋಗಲು ಬರುವುದಿಲ್ಲ. ಆದರೂ ಒಂದು ಧೈರ್ಯ ಬಂತು. ಡಿಗ್ರಿಯನ್ನು ಮೊದಲ ಸಾಲಿನಲ್ಲೇ ಬರೆದು ಹೋಗುವುದು ಅಂತ ಗಟ್ಟಿ ಮಾಡಿಕೊಂಡೆ.

ಸರಕಾರಿ ದಾರಿಯನ್ನೂ ನೋಡಿದೆ. ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಅರ್ಜಿ ಹಾಕಿದೆ. ಅಲ್ಲಿ ಹತ್ತನೇ ತರಗತಿಯ ಅಂಕವಷ್ಟೇ ಲೆಕ್ಕ. ಬಿಇ ಇದ್ದರೂ ಎಂಎ ಇದ್ದರೂ ಒಂದು ಅಂಕ ಜಾಸ್ತಿ ಇಲ್ಲ. ನನ್ನ ಎಸ್‌ಎಸ್‌ಎಲ್‌ಸಿ ಅಂಕ ಸಾಲಲಿಲ್ಲ. ಮುಂದೆ ಕೆಪಿಟಿಸಿಎಲ್ ಕಿರಿಯ ಪವರ್‌ಮ್ಯಾನ್ ನೇಮಕಾತಿ ಬಂದಾಗ ನನ್ನ ಚಿಕ್ಕಪ್ಪನ ಮಗ, ಅವನೂ ಪದವೀಧರ, ಕಂಬ ಹತ್ತುವುದನ್ನು ಕಲಿಯುತ್ತಿದ್ದ. ಅಲ್ಲಿಯೂ ಎಸ್‌ಎಸ್‌ಎಲ್‌ಸಿ ಅಂಕ, ಜೊತೆಗೆ ಕಂಬ ಹತ್ತುವ, ಓಡುವ ಪರೀಕ್ಷೆ. ಈ ಪದ್ಧತಿ ನನಗೆ ಅನ್ಯಾಯ ಅನ್ನಿಸಲಿಲ್ಲ. ಕೆಲಸಕ್ಕೆ ಏನು ಬೇಕೋ ಅದನ್ನು ಕೇಳುತ್ತಾರೆ. ಡಿಗ್ರಿ ಇದ್ದರೆ ಲಾಭವೂ ಇಲ್ಲ, ಶಿಕ್ಷೆಯೂ ಇಲ್ಲ.

ಅಪ್ರೆಂಟಿಸ್ ವಿಷಯ ಬೇರೆ. ರೈಲ್ವೆಯ ಅಪ್ರೆಂಟಿಸ್ ಜಾಹೀರಾತುಗಳಲ್ಲಿ ಎಂಜಿನಿಯರಿಂಗ್ ಪದವೀಧರರು, ಡಿಪ್ಲೊಮಾದವರು ಅರ್ಜಿ ಹಾಕುವ ಹಾಗಿಲ್ಲ ಅಂತ ಬರೆದಿರುತ್ತಾರೆ. ಕಾರಣ ಇದೆ. ಪದವೀಧರರಿಗೆ ಬೇರೆ ಯೋಜನೆ ಇದೆ, ಎನ್‌ಎಟಿಎಸ್ ಅಂತ. ಒಂದು ವರ್ಷದ ತರಬೇತಿ. ಆಗ ಪದವೀಧರರಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000. ಅದರಲ್ಲಿ ಅರ್ಧವನ್ನು ಕೇಂದ್ರ ಸರಕಾರ ಕೊಡುತ್ತದೆ. ಕೇಳಲು ನನ್ನಂಥವರಿಗೇ ಮಾಡಿದ ಹಾಗಿದೆ, ಅಲ್ವಾ? ಆದರೆ 30 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಮಾತ್ರ ಅಪ್ರೆಂಟಿಸ್ ತಗೊಳ್ಳುವುದು ಕಡ್ಡಾಯ. ನಾಲ್ಕರಿಂದ 29 ಜನ ಇರುವ ಕಡೆ ಮಾಲಕರ ಇಷ್ಟ. ನಾನು ಹತ್ತಿದ ಮೆಟ್ಟಿಲುಗಳಲ್ಲಿ ಹೆಚ್ಚಿನವು ಇಪ್ಪತ್ತು ಜನರ ಒಳಗಿನವು. ಅವರಲ್ಲಿ ಹಲವರಿಗೆ ಈ ಯೋಜನೆಯ ಹೆಸರೂ ಗೊತ್ತಿರಲಿಲ್ಲ. ದೊಡ್ಡ ಕಂಪನಿಗಳಲ್ಲಿ ಜಾಗ ತುಂಬಿತ್ತು.

ಅಷ್ಟರಲ್ಲಿ ಯುವನಿಧಿ ಬಂತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಕೊಟ್ಟರು. 2022-23ರಲ್ಲಿ ಪಾಸಾಗಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದೆ. ಪ್ರತಿ ತಿಂಗಳು 'ನನಗೆ ಕೆಲಸ ಇಲ್ಲ' ಅಂತ ನಾನೇ ಘೋಷಣೆ ಕೊಡಬೇಕಿತ್ತು. ಹಣ ಬಂದಾಗ ಅದನ್ನು ಎಲ್ಲಿ ಹಾಕಬೇಕು ಅಂತ ನನಗೆ ಸ್ಪಷ್ಟ ಇತ್ತು. ಬೆಳಗಾವಿಯಲ್ಲಿ ಜಿಟಿಟಿಸಿ ಇದೆ, ಸರಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ. ಅಲ್ಲಿನ ಅಲ್ಪಾವಧಿ ಕೋರ್ಸಿಗೆ ಸೇರಿದೆ. ಯುವನಿಧಿ ಹಣ, ಅವ್ವ ಹಾಲಿನ ದುಡ್ಡಿನಲ್ಲಿ ಉಳಿಸಿದ್ದು, ಎರಡೂ ಕೂಡಿ ಫೀಗೆ ಆಯಿತು.

ನನಗೆ ಕೈ ಕೆಲಸದ ಅಭ್ಯಾಸ ಬೇಕಿತ್ತು. ನಮ್ಮ ಬ್ಯಾಚಿನವರಿಗೆ ಮೆಟ್ರಾಲಜಿ, ಅಂದರೆ ಅಳತೆ ಕಲಿಸುವ ಲ್ಯಾಬ್ ಬಂದಿದ್ದು ಎರಡನೇ ವರ್ಷ, ಅಂದರೆ ಕೊರೊನಾ ಕಾಲ. ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿಯಬೇಕಾದ ಕೈಯಲ್ಲಿ ಮೊಬೈಲ್ ಹಿಡಿದು ವಿಡಿಯೋ ನೋಡಿದ್ದೇವೆ. ಕಾಲೇಜು ತೆರೆದ ಮೇಲೆ ಉಳಿದ ಪ್ರಯೋಗಗಳನ್ನು ಅವಸರದಲ್ಲಿ ಮುಗಿಸಿದರು. ಯಾರದೂ ತಪ್ಪಲ್ಲ. ಆದರೆ ಆ ವರ್ಷಗಳಲ್ಲಿ ಓದಿದ ನಾವೆಲ್ಲ ಇದನ್ನು ತುಂಬಿಕೊಳ್ಳಲೇಬೇಕು. ಜಿಟಿಟಿಸಿಯಲ್ಲಿ ಸಂಜೆ ಬಾಗಿಲು ಹಾಕುವ ತನಕ ಅಳೆಯುತ್ತಾ ಕೂತಿರುತ್ತಿದ್ದೆ. ಒಂದೇ ಪಿನ್ನನ್ನು ಹತ್ತು ಸಲ ಅಳೆದರೆ ಹತ್ತು ಸಲವೂ ಒಂದೇ ಅಂಕಿ ಬರಬೇಕು. ಮೊದಲ ವಾರ ಬರಲಿಲ್ಲ. ಬೆರಳಿನ ಒತ್ತಡ ಪ್ರತಿ ಸಲ ಬೇರೆ. ರ್‍ಯಾಚೆಟ್‌ನ ಕಟ್ ಕಟ್ ಸದ್ದು (ಒತ್ತಡ ಸಾಕು ಅನ್ನುವ ಸೂಚನೆ) ಕೇಳಿ ನಿಲ್ಲಿಸುವುದು ರೂಢಿಯಾಗಲು ಸಮಯ ಹಿಡಿಯಿತು.

ಈ ನಡುವೆ ಒಬ್ಬ ಮಾಲಕರು ಬಿಡಿಸಿ ಮಾತಾಡಿದರು. ಕೆಲಸ ಕೊಡಲಿಲ್ಲ, ಆದರೆ ಯಾಕೆ ಕೊಡುವುದಿಲ್ಲ ಅಂತ ಲೆಕ್ಕ ಹಾಕಿ ತೋರಿಸಿದರು. ಹೊಸ ಇನ್‌ಸ್ಪೆಕ್ಟರ್‌ಗೆ ಕೈ ಕೂರಲು ನಾಲ್ಕೈದು ತಿಂಗಳು ಬೇಕು. ಅಲ್ಲಿಯವರೆಗೆ ಹಳೆಯ ಇನ್‌ಸ್ಪೆಕ್ಟರ್ ತನ್ನ ಕೆಲಸ ಬಿಟ್ಟು ಜೊತೆಗೆ ನಿಲ್ಲಬೇಕು. ತಪ್ಪಾಗಿ ಪಾಸಾದ ಒಂದು ಲಾಟ್ ಪುಣೆಯ ಗಿರಾಕಿಯಿಂದ ವಾಪಸ್ ಬಂದರೆ ಲಾರಿ ಬಾಡಿಗೆ, ಮತ್ತೆ ಎಲ್ಲವನ್ನೂ ಆರಿಸುವ ಕೂಲಿ, ಮೇಲೆ ಗಿರಾಕಿಯ ಮುನಿಸು. ಅಷ್ಟೆಲ್ಲ ಸಹಿಸಿ ಕಲಿಸಿದ ಮೇಲೆ ಹುಡುಗ ಬೆಂಗಳೂರಿಗೆ ಹೋದರೆ? ಹಿಂದೆ ಇಬ್ಬರು ಬಿಇದವರನ್ನು ಇಟ್ಟುಕೊಂಡಿದ್ದರಂತೆ. ಒಬ್ಬ ಸಾಫ್ಟ್‌ವೇರ್‌ಗೆ ಹೋದ. ಇನ್ನೊಬ್ಬ ಯುಗಾದಿ ರಜೆಗೆ ಹೋದವನು ಫೋನೇ ಎತ್ತಲಿಲ್ಲ.

ಇದನ್ನು ಕೇಳಿದ ಮೇಲೆ ನನಗೆ ವಿಷಯ ಬೇರೆ ಥರ ಕಂಡಿತು. ಜಾಸ್ತಿ ಓದಿದ್ದೀಯಾ ಅನ್ನುವ ಮಾತಿನ ಒಳಗೆ ಇರುವ ನಿಜವಾದ ಪ್ರಶ್ನೆ, ಎಷ್ಟು ದಿನ ಇರುತ್ತೀಯಾ ಅನ್ನುವುದು. ಅವರ ಭಯಕ್ಕೆ ಆಧಾರ ಇದೆ. ಆದರೆ ಆ ಭಯಕ್ಕೆ ಉತ್ತರ ಕೊಡಲು ಅವಕಾಶವನ್ನೇ ಕೊಡದೆ ಕಳಿಸುವುದು ತಪ್ಪು, ಈ ಮಾತನ್ನು ನಾನು ಈಗಲೂ ಬಿಡುವುದಿಲ್ಲ. ಇಬ್ಬರು ಹೋದರು ಅಂತ ಮೂರನೆಯವಳ ಬಾಗಿಲು ಮುಚ್ಚುತ್ತಾರೆ. ಐಟಿಐ ಹುಡುಗರು ಬಿಟ್ಟು ಹೋಗುವುದಿಲ್ಲವಾ? ಸಾವಿರ ರೂಪಾಯಿ ಜಾಸ್ತಿ ಕೊಟ್ಟರೆ ಪಕ್ಕದ ಶೆಡ್ಡಿಗೆ ಹೋಗುತ್ತಾರೆ. ಅವರ ಬಗ್ಗೆ ಮಾಲಕರು ಹಾಗೆ ಮೊದಲೇ ತೀರ್ಮಾನ ಮಾಡುವುದಿಲ್ಲ.

ಅದಾದ ಮೇಲೆ ನಾನು ಬಯೋಡೇಟಾ ಜೊತೆ ಒಂದು ಹಾಳೆ ಇಡಲು ಶುರು ಮಾಡಿದೆ. ಕನ್ನಡದಲ್ಲಿ, ಕೈಬರಹದಲ್ಲಿ. ನಾನು ಬಿಇ ಮುಗಿಸಿದ್ದೇನೆ. ಲೈನ್ ಇನ್‌ಸ್ಪೆಕ್ಟರ್ ಕೆಲಸವನ್ನೇ ಕೇಳುತ್ತಿದ್ದೇನೆ. ಕನಿಷ್ಠ ಎರಡು ವರ್ಷ ಇರುತ್ತೇನೆ. ಬಿಡುವುದಾದರೆ ಎರಡು ತಿಂಗಳು ಮೊದಲೇ ಹೇಳಿ, ಬೇರೆಯವರಿಗೆ ಕಲಿಸಿ ಹೋಗುತ್ತೇನೆ. ನನ್ನನ್ನು ಮೊದಲು ಪರೀಕ್ಷೆ ಮಾಡಿ, ಆಮೇಲೆ ಡಿಗ್ರಿ ನೋಡಿ. ಇಷ್ಟೇ. ಒಂದು ಕಡೆ ಇದನ್ನು ಓದಿ, ಹಾಗಾದರೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮ ಹತ್ತಿರ ಇಡು ಅಂದರು. ಆಗುವುದಿಲ್ಲ ಅಂತ ಎದ್ದು ಬಂದೆ. ಕೆಲಸ ಹುಡುಕುವವರು ಯಾರೇ ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ. ಒರಿಜಿನಲ್ ಯಾರ ಕೈಗೂ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ವಾಪಸ್ ತಗೊಳ್ಳಿ. ಸಹಿ ಮಾಡಿದ ಖಾಲಿ ಚೆಕ್ ಅಂತೂ ಬೇಡವೇ ಬೇಡ.

ಕೊನೆಗೆ ಕೆಲಸ ಸಿಕ್ಕಿದ್ದು ಹೈಡ್ರಾಲಿಕ್ ವಾಲ್ವಿನ ಸ್ಪೂಲ್ ಮಾಡುವ ಒಂದು ಕಾರ್ಖಾನೆಯಲ್ಲಿ. ಸ್ಪೂಲ್ ಅಂದರೆ ವಾಲ್ವಿನ ಒಳಗೆ ಹಿಂದೆ ಮುಂದೆ ಸರಿದು ಎಣ್ಣೆಯ ದಾರಿ ಬದಲಿಸುವ ಉಕ್ಕಿನ ಕಡ್ಡಿ. ಅದು ಕೂರುವ ರಂಧ್ರಕ್ಕೂ ಅದಕ್ಕೂ ನಡುವೆ ಕೆಲವೇ ಮೈಕ್ರಾನ್ ಸಂದು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸಂದು ಜಾಸ್ತಿಯಾದರೆ ಎಣ್ಣೆ ಸೋರುತ್ತದೆ, ಕಮ್ಮಿಯಾದರೆ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿನ ಸೂಪರ್‌ವೈಸರ್ ನನ್ನ ಹಾಳೆ ಓದಿದರು. ಏನೂ ಹೇಳದೆ ಒಳಗೆ ಕರೆದುಕೊಂಡು ಹೋಗಿ ಒಂದು ಸ್ಪೂಲ್, ಒಂದು ಮೈಕ್ರೋಮೀಟರ್, ಡ್ರಾಯಿಂಗ್ ಮುಂದಿಟ್ಟರು. "ಓಕೆ ಐತೋ ರಿಜೆಕ್ಟೋ ಹೇಳವಾ."

ಡ್ರಾಯಿಂಗ್‌ನಲ್ಲಿ ವ್ಯಾಸ 16 ಮಿಲಿಮೀಟರ್, ಜಿ6 ಟಾಲರೆನ್ಸ್. ಅಂದರೆ 15.983ರಿಂದ 15.994ರ ಒಳಗೆ ಇರಬೇಕು. ಒಟ್ಟು ಅವಕಾಶ 11 ಮೈಕ್ರಾನ್. ಮೈಕ್ರೋಮೀಟರ್ ಸಾವಿರದ ಒಂದು ಭಾಗ ಓದುವಂಥದ್ದು. ಎರಡೂ ಮುಖ ಒರೆಸಿದೆ. ಮುಚ್ಚಿ ಸೊನ್ನೆ ನೋಡಿದೆ, ಸರಿ ಇತ್ತು. ಸ್ಪೂಲ್ ಕೈಗೆ ತಗೊಂಡರೆ ಬೆಚ್ಚಗಿತ್ತು. ಪಕ್ಕದಲ್ಲಿ ಬಿಸಿ ನೀರಿನ ವಾಷಿಂಗ್ ಮಷಿನ್, ಆಗಷ್ಟೇ ಅದರಿಂದ ಹೊರಗೆ ಬಂದಿತ್ತು. ನಡುವೆ ಅಳೆದೆ, ತಿರುಗಿಸಿ ಅಳೆದೆ, ಎರಡೂ ತುದಿಯಲ್ಲಿ ಅಳೆದೆ. ನಡುವೆ 15.990. ಒಂದು ತುದಿ 15.989. ಇನ್ನೊಂದು ತುದಿ 15.985. ಎಲ್ಲವೂ ಒಳಗೇ ಇದೆ.

"ಓಕೆ ಏನು?" ಅಂದರು.

"ಈಗ ಹೇಳಾಕ ಆಗೂದಿಲ್ರಿ. ಇದು ತಣ್ಣಗಾಗಬೇಕು. ಸ್ವಲ್ಪ ಹೊತ್ತು ಇಲ್ಲೇ ಇಡ್ರಿ."

ಉಕ್ಕು ಬಿಸಿಗೆ ಹಿಗ್ಗುತ್ತದೆ ಅಂತ ಎಲ್ಲರಿಗೂ ಗೊತ್ತು. ಎಷ್ಟು ಹಿಗ್ಗುತ್ತದೆ ಅನ್ನುವುದು ಲೆಕ್ಕ. 16 ಮಿಲಿಮೀಟರ್ ಉಕ್ಕು ಸುತ್ತಲಿನ ಗಾಳಿಗಿಂತ 15 ಡಿಗ್ರಿ ಬಿಸಿ ಇದ್ದರೆ ಸುಮಾರು 3 ಮೈಕ್ರಾನ್ ದಪ್ಪ ಕಾಣುತ್ತದೆ. ಬೇರೆ ಕಡೆ 3 ಮೈಕ್ರಾನ್ ಯಾರಿಗೂ ಬೇಕಿಲ್ಲ. ಇಲ್ಲಿ ಇರುವುದೇ 11. ಅಳತೆಯ ಮೂಲ ತಾಪಮಾನ 20 ಡಿಗ್ರಿ ಅಂತ ಪ್ರಪಂಚವೇ ಒಪ್ಪಿಕೊಂಡಿರುವುದು ಇದಕ್ಕೇ. ಸೂಪರ್‌ವೈಸರ್ ಸ್ಪೂಲನ್ನು ಕಲ್ಲಿನ ಸರ್ಫೇಸ್ ಪ್ಲೇಟ್ ಮೇಲೆ ಇಟ್ಟು ಬೇರೆ ಕೆಲಸ ನೋಡಲು ಹೋದರು. ವಾಪಸ್ ಬಂದ ಮೇಲೆ ಮತ್ತೆ ಅಳೆದೆ. ಆ ತುದಿ 15.982. ಒಂದು ಮೈಕ್ರಾನ್ ಕೆಳಗೆ. ರಿಜೆಕ್ಟ್ ಅಂದೆ. ಅವರು ತಾವೇ ಅಳೆದರು. ಇನ್ನೊಂದು ಮೈಕ್ರೋಮೀಟರ್ ತರಿಸಿ ಅಳೆದರು. ಆಮೇಲೆ ಆ ಟ್ರೇಯಲ್ಲಿದ್ದ ಎಲ್ಲವನ್ನೂ ಆರಿದ ಮೇಲೆ ಮತ್ತೆ ನೋಡಲು ಹೇಳಿದರು.

ಆ ಲೆಕ್ಕ ನನಗೆ ಬಂದಿದ್ದು ಬಿಇಯಿಂದ. ಕೈ ನಡುಗದೆ ಅಳೆಯಲು ಬಂದಿದ್ದು ಜಿಟಿಟಿಸಿಯಿಂದ. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ದಿನ ಓಕೆ ಅಂದುಬಿಡುತ್ತಿದ್ದೆ. ಅದಕ್ಕೇ ಕೇಳುತ್ತೇನೆ, ಈ ಕೆಲಸಕ್ಕೆ ನನ್ನ ಓದು ಎಲ್ಲಿ ಜಾಸ್ತಿಯಾಯಿತು? ಓದಿದ್ದೆಲ್ಲ ಕೆಲಸಕ್ಕೆ ಬಂತಲ್ಲ!

ಪಗಾರ 14,000 ಅಂತ ಮಾತಾಯಿತು. ಪಿಎಫ್ 12 ಪರ್ಸೆಂಟ್ ಮತ್ತು ಇಎಸ್‌ಐ 0.75 ಪರ್ಸೆಂಟ್ ಕಟ್ ಆಗುತ್ತದೆ. ಇಎಸ್‌ಐ ಇರುವುದು ನನಗೆ ಬಹಳ ಸಮಾಧಾನ ಕೊಟ್ಟಿತು. ತಿಂಗಳ ಪಗಾರ 21,000 ದಾಟದ ಕೆಲಸಗಾರರಿಗೆ ಇದು ಸಿಗುತ್ತದೆ, ನಿಯಮದ ಪ್ರಕಾರ ಅವಲಂಬಿತ ತಂದೆ-ತಾಯಿಯ ಚಿಕಿತ್ಸೆಗೂ ಬರುತ್ತದೆ. ಕೆಲಸ ಹುಡುಕುವವರು ಪಗಾರದ ಜೊತೆ ಇದನ್ನೂ ಕೇಳಬೇಕು. ಸಾವಿರ ರೂಪಾಯಿ ಜಾಸ್ತಿ ಕೈಗೆ ಕೊಟ್ಟು ಪಿಎಫ್, ಇಎಸ್‌ಐ ಇಲ್ಲ ಅನ್ನುವ ಕಡೆ ಕೊನೆಗೆ ನಷ್ಟ ನಮಗೇ. ಸೇರಿದ ತಿಂಗಳೇ ಯುವನಿಧಿ ಘೋಷಣೆ ನಿಲ್ಲಿಸಿದೆ.

ಒಳಗೆ ಕಲಿಸಿದ್ದು ಒಬ್ಬ ಐಟಿಐ ಅಕ್ಕ. ಫಿಟ್ಟರ್ ಟ್ರೇಡ್, ಅನಗೋಳದವರು, ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮಾತು ಮುಗಿಸುತ್ತಾರೆ. ಸ್ಪೂಲಿನ ಅಂಚಿನಲ್ಲಿ ಉಳಿದ ಬರ್, ಅಂದರೆ ಲೋಹದ ಸಣ್ಣ ಮುಳ್ಳು, ಕಣ್ಣಿಗೆ ಕಾಣುವ ಮೊದಲು ಅವರ ಉಗುರಿಗೆ ಗೊತ್ತಾಗುತ್ತದೆ. ಗ್ರೈಂಡಿಂಗ್ ಚಕ್ರ ಮಂಕಾಗಿದೆ ಅಂತ ಸದ್ದಿನಲ್ಲೇ ಹೇಳುತ್ತಾರೆ. ನಾನು ಅವರಿಂದ ಇದನ್ನು ಕಲಿತೆ. ಅವರಿಗೆ ಕಂಟ್ರೋಲ್ ಚಾರ್ಟ್ ತುಂಬುವುದನ್ನು ನಾನು ಹೇಳಿಕೊಟ್ಟೆ. ಗಂಟೆಗೊಮ್ಮೆ ಐದು ಭಾಗ ಅಳೆದು ಸರಾಸರಿ ಗುರುತು ಹಾಕುತ್ತಾ ಹೋದರೆ, ಚಕ್ರ ಸವೆದಂತೆ ಗೆರೆ ನಿಧಾನಕ್ಕೆ ಮೇಲೆ ಹೋಗುವುದು ಕಾಣುತ್ತದೆ. ಭಾಗ ರಿಜೆಕ್ಟ್ ಆಗುವ ಮೊದಲೇ ಚಕ್ರ ಡ್ರೆಸ್ ಮಾಡಬಹುದು, ಅಂದರೆ ಅದರ ಮೇಲ್ಮೈ ಕೆರೆದು ಮತ್ತೆ ಚೂಪು ಮಾಡಬಹುದು. ಈಗ ಅವರ ಚಾರ್ಟ್ ನನ್ನದಕ್ಕಿಂತ ಚೊಕ್ಕ ಇರುತ್ತದೆ.

ಮನೆಯಲ್ಲಿ ಅಪ್ಪನಿಗೆ ಮೊದಮೊದಲು ಸಂಕಟ ಇತ್ತು. ಎಂಜಿನಿಯರ್ ಅಂತ ಊರಲ್ಲಿ ಹೇಳಿದ್ದರು. ಇನ್‌ಸ್ಪೆಕ್ಟರ್ ಅಂದರೆ ಪೊಲೀಸಾ ಅಂತ ಕೆಲವರು ಕೇಳಿದ್ದರು. ಒಂದು ಭಾನುವಾರ ರಿಜೆಕ್ಟ್ ಆದ ಒಂದು ಹಳೆಯ ಸ್ಪೂಲನ್ನು ಕೇಳಿ ಪಡೆದು ಮನೆಗೆ ತಗೊಂಡು ಹೋದೆ. ಟ್ರ್ಯಾಕ್ಟರ್ ಟ್ರಾಲಿ ಎತ್ತುವ ಹೈಡ್ರಾಲಿಕ್‌ನಲ್ಲಿ ಇಂಥದ್ದೇ ಕೆಲಸ ಮಾಡುವುದು ಅಂತ ತೋರಿಸಿದೆ. ಅಪ್ಪ ಬಹಳ ಹೊತ್ತು ಕೈಯಲ್ಲಿ ತಿರುಗಿಸಿದರು. ಟ್ರಾಲಿ ಅರ್ಧಕ್ಕೆ ನಿಂತು ಇಳಿಯದೆ ಹೋದ ಒಂದು ಸುಗ್ಗಿಯ ಕಥೆ ಹೇಳಿದರು. ಆಮೇಲೆ ನನ್ನ ಕೆಲಸದ ಬಗ್ಗೆ ಕೇಳುವ ಪ್ರಶ್ನೆಗಳೇ ಬದಲಾದವು.

ನಾನು ಬರೆದುಕೊಟ್ಟ ಎರಡು ವರ್ಷದ ಮಾತು ಹಾಗೇ ಇದೆ. ಮದುವೆಯ ಮಾತು ಬಂದಾಗಲೂ ಇದನ್ನು ಮೊದಲೇ ಹೇಳಿಸಿದ್ದೇನೆ. ಒಂದು ವರ್ಷವಾದ ಮೇಲೆ ಪಗಾರ ಏರಿಸಿದರು, ಅಳತೆ ಸಾಧನಗಳು ಸರಿ ತೋರಿಸುತ್ತವೆಯಾ ಅಂತ ನೋಡುವ ಕ್ಯಾಲಿಬ್ರೇಷನ್ ದಾಖಲೆ ನೋಡಿಕೊಳ್ಳುವ ಜವಾಬ್ದಾರಿಯನ್ನೂ ಕೊಟ್ಟರು.

ಇತ್ತೀಚೆಗೆ ಇನ್ನೊಬ್ಬ ಇನ್‌ಸ್ಪೆಕ್ಟರ್ ಬೇಕಾಯಿತು. ಇಬ್ಬರು ಬಂದಿದ್ದರು, ಒಬ್ಬ ಐಟಿಐ ಹುಡುಗ, ಒಬ್ಬಳು ಬಿಇ ಹುಡುಗಿ. ಇಬ್ಬರಿಗೂ ಅದೇ ಪರೀಕ್ಷೆ ಕೊಡಿ ಅಂತ ನಾನು ಸೂಪರ್‌ವೈಸರ್‌ಗೆ ಹೇಳಿದೆ, ಅವರು ಒಪ್ಪಿದರು. ಹುಡುಗ ಚೆನ್ನಾಗಿ ಅಳೆದ. ಕೆಲಸ ಅವನಿಗೆ ಸಿಕ್ಕಿತು, ಅದು ನ್ಯಾಯವೇ. ಹುಡುಗಿಗೆ ಲೆಕ್ಕ ಎಲ್ಲ ಗೊತ್ತು, ಮೈಕ್ರೋಮೀಟರ್ ಹಿಡಿದು ಅಭ್ಯಾಸ ಇಲ್ಲ. ಅವಳಿಗೆ ಜಿಟಿಟಿಸಿ ವಿಷಯ ಹೇಳಿದೆ. ಆಮೇಲೆ ಮಾಲಕರ ಹತ್ತಿರ ಹೋಗಿ ಎನ್‌ಎಟಿಎಸ್ ಮಾತು ತೆಗೆದೆ. ನಮ್ಮಲ್ಲಿ 30 ಜನ ಇಲ್ಲ, ಕಡ್ಡಾಯ ಅಲ್ಲ, ಆದರೆ ಮನಸ್ಸು ಮಾಡಿದರೆ ಒಬ್ಬ ಪದವೀಧರ ಅಪ್ರೆಂಟಿಸ್ ತಗೊಳ್ಳಬಹುದು, ಸ್ಟೈಪೆಂಡಿನಲ್ಲಿ ಸರಕಾರದ ಪಾಲೂ ಬರುತ್ತದೆ ಅಂದೆ. "ಕಾಗದ ಪತ್ರದ ಕಿರಿಕಿರಿ ಯಾರು ಮಾಡವ್ರು?" ಅಂದರು. ನಾನೇ ಮಾಡಿಕೊಡುತ್ತೇನೆ ಅಂತ ಹೇಳಿ, ಪೋರ್ಟಲ್‌ನಲ್ಲಿ ನೋಂದಣಿಗೆ ಏನೇನು ಬೇಕು ಅಂತ ಬರೆದು ಅವರ ಟೇಬಲ್ ಮೇಲೆ ಇಟ್ಟು ಬಂದಿದ್ದೇನೆ. ಸೋಮವಾರ ಮತ್ತೆ ಕೇಳಬೇಕು.